ಅಮೆರಿಕದ ಕಪ್ಪು ಗ್ರಾಹಕರು ಮತ್ತು ವ್ಯಾಪಾರ ಸಂಸ್ಥೆಗಳ ಸಮಾನತೆಯ ವಾಗ್ದಾನಗಳು: ಪರೀಕ್ಷೆಯ ಕ್ರಮ

೧. ವಿಷಯ ಪ್ರವೇಶ

೨೦೨೦ನೆಯ ಇಸವಿಯ ಮೇ ೨೫ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಪೊಲೀಸ್ ಅಧಿಕಾರಿಯೊಬ್ಬನ ಮೊಣಕಾಲಿನ ಕೆಳಗೆ ಸಿಕ್ಕಿ ಕೊಲೆಯಾದರು. ಅದರ ಬೆನ್ನಿಗೆ ದೇಶದಾದ್ಯಂತ ಎದ್ದ ಪ್ರತಿಭಟನೆಯ ಸಂದರ್ಭದಲ್ಲಿ ಆ ದೇಶದ ದೊಡ್ಡ ವ್ಯಾಪಾರ ಸಂಸ್ಥೆಗಳಲ್ಲಿ ಅನೇಕವು ಜನಾಂಗ ಸಮಾನತೆಗಾಗಿ ಇಷ್ಟು ಹಣ ತೊಡಗಿಸುವುದಾಗಿಯೂ ಇಷ್ಟು ಹುದ್ದೆಗಳನ್ನು ಕೊಡುವುದಾಗಿಯೂ ಬಹಿರಂಗವಾಗಿ ಮಾತು ಕೊಟ್ಟವು. ಐದು ವರ್ಷ ತುಂಬುವುದರೊಳಗೆ ಅವುಗಳಲ್ಲಿ ಹಲವು ಕೊಟ್ಟ ಮಾತನ್ನು ಹಿಂದೆಗೆದುಕೊಂಡವು. ಕೆಲವು ಅದರ ಹೆಸರನ್ನು ಬದಲಾಯಿಸಿದವು. ಕೆಲವು ಅವಧಿ ಮುಗಿಯಿತೆಂದು ಸುಮ್ಮನಾದವು. ಈ ಸಂಸ್ಥೆಗಳ ಅಂಗಡಿಗಳಲ್ಲಿ ದಿನವೂ ಹಣ ತೆರುವ ಕಪ್ಪು ಗ್ರಾಹಕರ ಮುಂದೆ ಹೀಗೆ ಒಂದು ಪ್ರಶ್ನೆ ನಿಂತಿದೆ: ಯಾವ ಮಾತನ್ನು ನಂಬಬೇಕು, ಯಾವುದನ್ನು ಬಿಡಬೇಕು, ಹಾಗೆ ತೀರ್ಮಾನಿಸಲು ಅಳತೆಗೋಲು ಯಾವುದು?

ಪ್ರಶ್ನೆ ಸಣ್ಣದಲ್ಲ. ಜಾರ್ಜಿಯ ವಿಶ್ವವಿದ್ಯಾನಿಲಯದ ಸೆಲಿಗ್ ಕೇಂದ್ರದ ಅಂದಾಜಿನಂತೆ ೨೦೨೦ರಲ್ಲಿ ಕಪ್ಪು ಅಮೆರಿಕನ್ನರ ಒಟ್ಟು ಕೊಳ್ಳುವ ಶಕ್ತಿ ೧.೬ ಲಕ್ಷ ಕೋಟಿ ಡಾಲರು. ಆದರೆ ಕೊಳ್ಳುವ ಶಕ್ತಿಯೆಂದರೆ ತೆರಿಗೆ ಕಳೆದು ಕೈಗೆ ಬರುವ ಆದಾಯವೇ ಹೊರತು ಕೂಡಿಟ್ಟ ಸಂಪತ್ತಲ್ಲ. ಅಮೆರಿಕದ ಕೇಂದ್ರ ಬ್ಯಾಂಕು ೨೦೨೨ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಬಿಳಿಯ ಕುಟುಂಬದ ಮಧ್ಯಾಂಕ ಸಂಪತ್ತು ೨,೮೫,೦೦೦ ಡಾಲರಾದರೆ ಕಪ್ಪು ಕುಟುಂಬದ್ದು ೪೪,೯೦೦ ಡಾಲರು. ಎಂದರೆ, ಈ ಜನದ ಕೈಯಲ್ಲಿ ಹರಿದುಹೋಗುವ ಹಣವಿದೆ; ನಿಲ್ಲುವ ಹಣ ಕಡಿಮೆ. ಕಾನೂನು ಮಾಡುವ ಅಧಿಕಾರವೂ ಬಂಡವಾಳವೂ ಬಹುಕಾಲ ಕೈಗೆ ಸಿಕ್ಕದಿದ್ದ ಜನಕ್ಕೆ, ಕೊಳ್ಳುವುದು ಮತ್ತು ಕೊಳ್ಳದಿರುವುದು ಎಂಬ ನಿತ್ಯದ ಕ್ರಿಯೆಯೇ ಒಂದು ಸಾಧನವಾಗಿ ಒದಗಿದುದರ ಕಾರಣ ಇದು.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಕನ್ನಡದಲ್ಲಿ ‘ಬಹಿಷ್ಕಾರ’ ಎಂಬ ಶಬ್ದಕ್ಕೆ ಎರಡು ಇತಿಹಾಸಗಳಿವೆ. ಊರಿನ ಬಲಿಷ್ಠರು ದಲಿತ ಕುಟುಂಬಗಳಿಗೆ ನೀರು, ಅಂಗಡಿ, ಕೂಲಿಗಳನ್ನು ನಿಲ್ಲಿಸುವ ಕ್ರೌರ್ಯಕ್ಕೂ ಅದೇ ಹೆಸರು. ಸ್ವದೇಶಿ ಚಳವಳಿಯಲ್ಲಿ ವಿದೇಶಿ ಬಟ್ಟೆಯನ್ನು ಬಿಟ್ಟುದಕ್ಕೂ ಅದೇ ಹೆಸರು. ಮೊದಲನೆಯದು ಬಲವಿದ್ದವರ ಶಿಕ್ಷೆ, ಎರಡನೆಯದು ಬಲವಿಲ್ಲದವರ ನಿರಾಕರಣೆ. ಇಲ್ಲಿ ನಮಗೆ ಬೇಕಾದುದು ಎರಡನೆಯ ಅರ್ಥ ಮಾತ್ರವಾದುದರಿಂದ ‘ಕೊಳ್ಳದಿರುವ ಚಳವಳಿ’ ಎಂಬ ಮಾತನ್ನೇ ಬಳಸುತ್ತೇವೆ.

೨. ಹಿಂದಿನ ಕಾಲದ ಅಳತೆಗಳು

ವ್ಯಾಪಾರಿಯನ್ನು ಪರೀಕ್ಷಿಸಿ ಕೊಳ್ಳುವ ಅಭ್ಯಾಸ ಕಪ್ಪು ಅಮೆರಿಕನ್ನರಿಗೆ ೨೦೨೦ರಲ್ಲಿ ಬಂದುದಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ನಿವಾಸಿಯೂ ಅಂಚೆ ಹಂಚುವವರೂ ಆಗಿದ್ದ ವಿಕ್ಟರ್ ಗ್ರೀನ್ ಎಂಬವರು ೧೯೩೬ರಲ್ಲಿ ಆರಂಭಿಸಿದ ‘ಗ್ರೀನ್ ಬುಕ್’ ಎಂಬ ಕೈಪಿಡಿ, ಕಪ್ಪು ಪ್ರಯಾಣಿಕರಿಗೆ ಯಾವ ಊರಿನ ಯಾವ ಹೋಟೆಲು, ಊಟದ ಮನೆ, ಪೆಟ್ರೋಲು ಬಂಕುಗಳಲ್ಲಿ ಅವಮಾನವಿಲ್ಲದೆ ಸೇವೆ ದೊರೆಯುವುದೆಂಬುದನ್ನು ತಿಳಿಸುತ್ತಿತ್ತು. ಅದರ ಕೊನೆಯ ಸಂಚಿಕೆ ಹೊರಬಂದುದು ೧೯೬೬-೬೭ರಲ್ಲಿ. ಅದರ ಅಳತೆ ಒಂದೇ: ಬಾಗಿಲು ತೆರೆಯುತ್ತದೆಯೇ ಇಲ್ಲವೇ? ಆ ಕಾಲಕ್ಕೆ ಅಷ್ಟು ಸಾಕಾಗಿತ್ತು.

ಬಾಗಿಲು ತೆರೆದ ಅಂಗಡಿಗೂ ಎರಡನೆಯ ಪ್ರಶ್ನೆಯಿತ್ತು. ನಮ್ಮ ಹಣವನ್ನು ತೆಗೆದುಕೊಳ್ಳುವ ಅಂಗಡಿ ನಮಗೆ ಕೆಲಸ ಕೊಡುತ್ತದೆಯೇ? ೧೯೨೯-೩೦ರ ಹೊತ್ತಿಗೆ ಚಿಕಾಗೋದಲ್ಲಿಯೂ, ಅನಂತರ ಹಾರ್ಲೆಮ್, ವಾಷಿಂಗ್ಟನ್ ಮೊದಲಾದೆಡೆಗಳಲ್ಲಿಯೂ ‘ಕೆಲಸ ಸಿಕ್ಕದ ಕಡೆ ಕೊಳ್ಳಬೇಡಿ’ ಎಂಬ ಚಳವಳಿ ನಡೆಯಿತು. ಅಂಗಡಿಯ ಮುಂದೆ ನಿಂತು ಹೀಗೆ ಪ್ರಚಾರ ಮಾಡುವುದಕ್ಕೆ ವಾಷಿಂಗ್ಟನ್ನಿನ ಕಪ್ಪು ಯುವಕರ ಸಂಘವೊಂದು ಹೂಡಿದ ಹೋರಾಟದಲ್ಲಿ ೧೯೩೮ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಂಘದ ಪರವಾಗಿ ತೀರ್ಪಿತ್ತಿತು. ಮಿಸಿಸಿಪಿಯ ಪೋರ್ಟ್ ಗಿಬ್ಸನ್ ಎಂಬ ಊರಿನ ಪ್ರಕರಣದಲ್ಲಿ, ಅಹಿಂಸಾತ್ಮಕವಾದ ಕೊಳ್ಳದಿರುವ ಚಳವಳಿಗೆ ಸಂವಿಧಾನದ ರಕ್ಷಣೆಯುಂಟೆಂದು ಅದೇ ನ್ಯಾಯಾಲಯ ೧೯೮೨ರಲ್ಲಿ ಸ್ಪಷ್ಟಪಡಿಸಿತು.

ಪರೀಕ್ಷೆಯ ಕ್ರಮ ನಿಜವಾಗಿಯೂ ಸೂಕ್ಷ್ಮಗೊಂಡುದು ಫಿಲಡೆಲ್ಫಿಯದಲ್ಲಿ. ೧೯೬೦ರಲ್ಲಿ ರೆವರೆಂಡ್ ಲಿಯಾನ್ ಸಲಿವನ್ ಅವರೂ ಸುಮಾರು ನಾನೂರು ಮಂದಿ ಕಪ್ಪು ಪಾದ್ರಿಗಳೂ ಕೂಡಿ ‘ಆಯ್ದು ಕೊಳ್ಳುವ’ ಕಾರ್ಯಕ್ರಮವನ್ನು ಕೈಗೊಂಡರು. ಅವರು ಮೊದಲು ಹೋದುದು ಕೇಕುಗಳನ್ನು ತಯಾರಿಸುವ ಟೇಸ್ಟಿ ಬೇಕಿಂಗ್ ಎಂಬ ಕಂಪನಿಗೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಕಂಪನಿಯಲ್ಲಿ ಕಪ್ಪು ಕೆಲಸಗಾರರು ಇಲ್ಲದೆ ಇರಲಿಲ್ಲ. ಕೆಲವು ಕೆಲಸಗಳು ಮಾತ್ರ ಅವರಿಗೆ ನಿಲುಕುತ್ತಿರಲಿಲ್ಲ. ಆದುದರಿಂದ ಪಾದ್ರಿಗಳು ‘ನಿಮ್ಮ ಧೋರಣೆಯನ್ನು ಬದಲಿಸಿರಿ’ ಎಂದು ಕೇಳಲಿಲ್ಲ. ಸರಕು ಒಯ್ದು ಮಾರುವ ವಾಹನಗಳಿಗೆ ಇಬ್ಬರು, ಕಚೇರಿಯಲ್ಲಿ ಇಬ್ಬರು ಗುಮಾಸ್ತರು, ಬಿಳಿಯ ಹೆಂಗಸರಿಗೇ ಮೀಸಲಾಗಿದ್ದ ಕೇಕಿನ ಅಲಂಕಾರದ ವಿಭಾಗದಲ್ಲಿ ಮೂರು ನಾಲ್ಕು ಮಂದಿ ಕಪ್ಪು ಹೆಂಗಸರು, ಇಷ್ಟನ್ನೇ ಕೇಳಿದರು. ಕಂಪನಿ ಒಪ್ಪದಿದ್ದಾಗ ಭಾನುವಾರದ ಪ್ರಾರ್ಥನಾಸಭೆಗಳಲ್ಲಿ ವಿಷಯವನ್ನು ಸಾರಿದರು. ಸುಮಾರು ಎರಡು ತಿಂಗಳಲ್ಲಿ ಕಂಪನಿ ಒಪ್ಪಿತು. ಮುಂದಿನ ಮೂರು ವರ್ಷಗಳಲ್ಲಿ ಇಪ್ಪತ್ತಕ್ಕೂ ಮಿಕ್ಕ ಸಂಸ್ಥೆಗಳ ಮೇಲೆ ಇದೇ ಕ್ರಮ ನಡೆಯಿತು.

ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ೧೯೬೨ರಲ್ಲಿ ಅಟ್ಲಾಂಟದಲ್ಲಿ ಆರಂಭಿಸಿದ ‘ಆಪರೇಷನ್ ಬ್ರೆಡ್‌ಬ್ಯಾಸ್ಕೆಟ್’ ಈ ಕ್ರಮವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಮೊದಲು ಕಂಪನಿಯಿಂದ ಹುದ್ದೆವಾರು ಅಂಕಿಗಳನ್ನು ಕೇಳುವುದು, ಅವನ್ನು ಪರಿಶೀಲಿಸುವುದು, ಮಾತುಕತೆ ನಡೆಸುವುದು, ಒಪ್ಪಂದವಾಗದಿದ್ದರೆ ಮಾತ್ರ ಕೊಳ್ಳುವುದನ್ನು ನಿಲ್ಲಿಸುವುದು, ಒಪ್ಪಂದವಾದ ಮೇಲೆ ಅದು ನಡೆಯುತ್ತಿದೆಯೇ ಎಂದು ನೋಡುವುದು—ಇದು ಅದರ ಅನುಕ್ರಮ. ಕೊನೆಯ ಹಂತ ಏಕೆ ಬೇಕೆಂಬುದು ಚಿಕಾಗೋದಲ್ಲಿ ತಿಳಿಯಿತು. ದಿನಸಿ ಅಂಗಡಿಗಳ ಎ ಅಂಡ್ ಪಿ ಸಂಸ್ಥೆ ೧೯೬೭ರಲ್ಲಿ ಮಾಡಿಕೊಂಡ ಒಪ್ಪಂದ ನೆರವೇರದೆ ಹೋದುದರಿಂದ ೧೯೬೮ರಲ್ಲಿ ಮತ್ತೆ ಚಳವಳಿ ಹೂಡಬೇಕಾಯಿತು. ಸಹಿ ಬಿದ್ದ ಕಾಗದ ಪರೀಕ್ಷೆಯ ಆರಂಭವೇ ಹೊರತು ಮುಕ್ತಾಯವಲ್ಲ.

೩. ಅಳತೆಗೋಲೇ ತಪ್ಪಾದ ಪ್ರಸಂಗ

ಎಣಿಸಿದರೆ ಸಾಕೇ? ಸಾಕಾಗದೆಂಬುದಕ್ಕೆ ಸಲಿವನ್ ಅವರ ಮುಂದಿನ ಅನುಭವವೇ ಸಾಕ್ಷಿ. ೧೯೭೧ರಲ್ಲಿ ಅವರು ಜನರಲ್ ಮೋಟಾರ್ಸ್ ಕಂಪನಿಯ ನಿರ್ದೇಶಕ ಮಂಡಲಿಯನ್ನು ಸೇರಿದರು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿ ವ್ಯಾಪಾರ ಮಾಡುತ್ತಿದ್ದ ಅಮೆರಿಕದ ಕಂಪನಿಗಳಿಗಾಗಿ ೧೯೭೭ರಲ್ಲಿ ಆರು ಸೂತ್ರಗಳನ್ನು ರಚಿಸಿದರು. ಊಟದ ಕೋಣೆ, ಶೌಚಾಲಯ, ಕೆಲಸದ ಸ್ಥಳಗಳಲ್ಲಿ ಪ್ರತ್ಯೇಕತೆ ಕೂಡದು, ಸಮಾನ ಕೆಲಸಕ್ಕೆ ಸಮಾನ ವೇತನ, ತರಬೇತಿ, ಮೇಲಿನ ಹುದ್ದೆಗಳಲ್ಲಿ ಕಪ್ಪು ಜನರ ಸಂಖ್ಯೆಯ ಹೆಚ್ಚಳ, ಇತ್ಯಾದಿ. ಆರಂಭದಲ್ಲಿ ಹನ್ನೆರಡು ಕಂಪನಿಗಳು ಸಹಿ ಹಾಕಿದವು. ಹೊರಗಿನ ಸಲಹಾ ಸಂಸ್ಥೆಯೊಂದು ವರ್ಷಕ್ಕೊಮ್ಮೆ ಪರಿಶೀಲಿಸಿ ಕಂಪನಿಗಳಿಗೆ ದರ್ಜೆ ನೀಡುತ್ತಿತ್ತು.

ಸ್ಪಷ್ಟವಾದ ಸೂತ್ರ, ವಾರ್ಷಿಕ ವರದಿ, ಹೊರಗಿನ ಪರಿಶೀಲಕ, ಪ್ರಕಟವಾದ ದರ್ಜೆ—ಎಲ್ಲವೂ ಇದ್ದುವು. ಆದರೂ ೧೯೮೭ರಲ್ಲಿ ಸಲಿವನ್ ಅವರೇ ಈ ಮಾರ್ಗವನ್ನು ಕೈಬಿಟ್ಟು, ಕಂಪನಿಗಳು ದಕ್ಷಿಣ ಆಫ್ರಿಕವನ್ನು ಬಿಟ್ಟು ಹೊರಡಬೇಕೆಂದು ಕರೆಯಿತ್ತರು. ಕಾರ್ಖಾನೆಯ ಗೋಡೆಯೊಳಗಿನ ಸಮಾನತೆಗೆ ಒಳ್ಳೆಯ ದರ್ಜೆ ಸಿಕ್ಕುತ್ತಿದ್ದಾಗಲೇ, ಗೋಡೆಯ ಹೊರಗೆ ಅದೇ ಕೆಲಸಗಾರನಿಗೆ ಮತವಿರಲಿಲ್ಲ, ಇಷ್ಟಬಂದಲ್ಲಿ ವಾಸಿಸುವ ಹಕ್ಕಿರಲಿಲ್ಲ. ಕಂಪನಿ ತೆರುತ್ತಿದ್ದ ತೆರಿಗೆ ಆ ವ್ಯವಸ್ಥೆಯನ್ನೇ ಪೋಷಿಸುತ್ತಿತ್ತು. ೧೯೮೪ರಲ್ಲಿ ಸೂತ್ರಗಳನ್ನು ವಿಸ್ತರಿಸಿ ವರ್ಣಭೇದದ ಕಾನೂನುಗಳ ವಿರುದ್ಧ ಕಂಪನಿಗಳು ದುಡಿಯಬೇಕೆಂದು ಸೇರಿಸಿದರೂ ಮೂಲ ವ್ಯವಸ್ಥೆ ಕದಲಲಿಲ್ಲ. ಅಳೆಯಲು ಸುಲಭವಾದುದನ್ನು ಅಳೆದು ಮುಖ್ಯವಾದುದನ್ನು ಬಿಡುವ ಅಪಾಯ ಎಲ್ಲ ದರ್ಜೆಪಟ್ಟಿಗಳಿಗೂ ಉಂಟೆಂಬುದು ಇದರಿಂದ ಸಿದ್ಧವಾಗುತ್ತದೆ.

೪. ಐದು ಪ್ರಶ್ನೆಗಳು

ಮೇಲಿನ ಇತಿಹಾಸವನ್ನು ೨೦೨೦ರ ಅನಂತರದ ವಾಗ್ದಾನಗಳಿಗೆ ಅನ್ವಯಿಸಿದರೆ, ಗ್ರಾಹಕರು ಕೇಳಬೇಕಾದ ಪ್ರಶ್ನೆಗಳು ಐದೆಂದು ನಮಗೆ ತೋರುತ್ತದೆ.

ಮೊದಲನೆಯದು: ಹೇಳಿದ ಹಣದ ಸ್ವರೂಪವೇನು? ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ೨೦೨೧ರ ಆಗಸ್ಟಿನಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದೇಶದ ಅತಿ ದೊಡ್ಡ ಐವತ್ತು ಕಂಪನಿಗಳು ಘೋಷಿಸಿದ ಒಟ್ಟು ಮೊತ್ತ ೪,೯೫೦ ಕೋಟಿ ಡಾಲರು. ಅದರಲ್ಲಿ ೪,೫೨೦ ಕೋಟಿ, ಎಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು, ಕಂಪನಿಗಳಿಗೇ ಲಾಭ ತರಬಹುದಾದ ಸಾಲ ಮತ್ತು ಹೂಡಿಕೆ. ನೇರವಾದ ದಾನ ಸುಮಾರು ೪೨೦ ಕೋಟಿ. ಪ್ರತಿಭಟನೆಗೆ ಮೂಲಕಾರಣವಾದ ಪೊಲೀಸ್ ಮತ್ತು ದಂಡನ್ಯಾಯದ ಸುಧಾರಣೆಗೆ ದುಡಿಯುವ ಸಂಸ್ಥೆಗಳಿಗೆ ಸಂದುದು ಸುಮಾರು ೭ ಕೋಟಿ.

ಹೀಗೆಂದ ಮಾತ್ರಕ್ಕೆ ಸಾಲವೆಲ್ಲ ಕಪಟವೆಂದೂ ದಾನವೆಲ್ಲ ಶ್ರೇಷ್ಠವೆಂದೂ ತಿಳಿಯಬಾರದು. ೧೯೩೦ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ನಗರಗಳ ನಕ್ಷೆ ಬರೆಯಿಸಿ, ಕಪ್ಪು ಜನ ವಾಸಿಸುವ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿ, ಅಲ್ಲಿ ಸಾಲ ಕೊಡುವುದು ಅಪಾಯವೆಂದು ಸಾರಿತ್ತು. ಅಂಥ ಕಡೆ ನ್ಯಾಯವಾದ ಬಡ್ಡಿಯ ಮನೆಸಾಲ ದಾನಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಜೆ. ಪಿ. ಮಾರ್ಗನ್ ಚೇಸ್ ಬ್ಯಾಂಕು ೨೦೨೦ರ ಅಕ್ಟೋಬರಿನಲ್ಲಿ ಐದು ವರ್ಷಗಳಿಗೆ ಘೋಷಿಸಿದ ೩,೦೦೦ ಕೋಟಿ ಡಾಲರಿನ ಯೋಜನೆಯಲ್ಲಿ ಮನೆ ಕೊಳ್ಳಲು ೪೦,೦೦೦ ಹೆಚ್ಚುವರಿ ಸಾಲಗಳು ಸೇರಿದ್ದುವು. ಇಂಥ ವಾಗ್ದಾನಕ್ಕೆ ಒಂದು ವಿಶೇಷ ಗುಣವುಂಟು. ೧೯೭೫ರ ಮನೆಸಾಲ ಪ್ರಕಟಣೆಯ ಕಾಯಿದೆಯೂ ೧೯೮೯ರ ಅದರ ತಿದ್ದುಪಡಿಯೂ ಇರುವುದರಿಂದ, ಯಾವ ಬ್ಯಾಂಕು ಯಾವ ಜನಾಂಗದ ಎಷ್ಟು ಅರ್ಜಿಗಳನ್ನು ಒಪ್ಪಿತು, ಎಷ್ಟನ್ನು ತಿರಸ್ಕರಿಸಿತು ಎಂಬುದನ್ನು ಹೊರಗಿನವರು ನೋಡಬಹುದು. ಔದಾರ್ಯ ಕಡಿಮೆಯೆಂದು ತೋರುವ ವಾಗ್ದಾನವೇ ಪರೀಕ್ಷೆಗೆ ಹೆಚ್ಚು ಸಿಕ್ಕುವಂಥದು.

ಎರಡನೆಯದು: ಯಾವ ಮೆಟ್ಟಿಲಿನಲ್ಲಿ? ಊಹೆಗಾಗಿ ಸಾವಿರ ಮಂದಿ ನೌಕರರ ಒಂದು ಕಂಪನಿಯನ್ನು ತೆಗೆದುಕೊಳ್ಳೋಣ. ಅವರಲ್ಲಿ ೧೩೦ ಮಂದಿ ಕಪ್ಪು ಜನ. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ನೂರಕ್ಕೆ ಹದಿಮೂರು ಹದಿನಾಲ್ಕರಷ್ಟಿರುವುದರಿಂದ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಆ ೧೩೦ರಲ್ಲಿ ೧೨೦ ಮಂದಿ ಉಗ್ರಾಣದಲ್ಲಿಯೂ ಮಾರಾಟದ ಕಟ್ಟೆಯಲ್ಲಿಯೂ ಇದ್ದು, ನಲವತ್ತು ಮಂದಿ ಮೇಲಧಿಕಾರಿಗಳಲ್ಲಿ ಒಬ್ಬರು ಮಾತ್ರ ಇದ್ದರೆ? ಒಟ್ಟು ಅಂಕಿ ಮರೆಮಾಡಿದುದನ್ನು ಹುದ್ದೆವಾರು ಅಂಕಿ ತೋರಿಸುತ್ತದೆ. ನೂರು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಖಾಸಗಿ ಸಂಸ್ಥೆಯೂ ಹುದ್ದೆ, ಜನಾಂಗ, ಲಿಂಗ ಎಂದು ವಿಂಗಡಿಸಿದ ವಾರ್ಷಿಕ ಪಟ್ಟಿಯನ್ನು ಸರ್ಕಾರಕ್ಕೆ ಸಲ್ಲಿಸುವ ಪದ್ಧತಿ ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆಯ ಫಲವಾಗಿ ೧೯೬೬ರಿಂದ ಬಂದಿತು. ಆದರೆ ಒಂದೊಂದು ಕಂಪನಿಯ ಪಟ್ಟಿಯೂ ಕಾನೂನಿನ ಪ್ರಕಾರ ಗೋಪ್ಯ. ಕಂಪನಿ ತಾನಾಗಿ ಪ್ರಕಟಿಸಿದರೆ ಮಾತ್ರ ಗ್ರಾಹಕನಿಗೆ ಸಿಕ್ಕುತ್ತದೆ. ೨೦೨೦ರಲ್ಲಿ ನ್ಯೂಯಾರ್ಕ್ ನಗರದ ಹಣಕಾಸು ಅಧಿಕಾರಿ ದೊಡ್ಡ ಕಂಪನಿಗಳಿಗೆ ಪತ್ರ ಬರೆದು ಈ ಪಟ್ಟಿಯ ಪ್ರಕಟಣೆಯನ್ನು ಒತ್ತಾಯಿಸಿದರು; ಅನಂತರ ಅನೇಕ ಕಂಪನಿಗಳು ಪ್ರಕಟಿಸಿದವು. ಪಟ್ಟಿಯನ್ನು ಹೊರಗಿಡುವ ಕಂಪನಿ ಸಮಾನವಾಗಿದೆಯೆಂದು ಅರ್ಥವಲ್ಲ. ಪರೀಕ್ಷೆಗೆ ಒಡ್ಡಿಕೊಂಡಿದೆಯೆಂದು ಅರ್ಥ.

ಮೂರನೆಯದು: ಯಾವ ಅಂಕಿಗೆ ಹೋಲಿಸಿ, ಯಾವ ದಿನದೊಳಗೆ? ‘ಇಮ್ಮಡಿ ಮಾಡಿದೆವು’ ಎಂಬ ಮಾತು ಎರಡು ನಾಲ್ಕಾದಾಗಲೂ ಸತ್ಯ, ಇನ್ನೂರು ನಾನೂರಾದಾಗಲೂ ಸತ್ಯ. ಒರೋರ ಜೇಮ್ಸ್ ಎಂಬ ಉದ್ಯಮಿ ೨೦೨೦ರಲ್ಲಿ ಆರಂಭಿಸಿದ ‘ಶೇಕಡಾ ಹದಿನೈದರ ಪ್ರತಿಜ್ಞೆ’ ಇದಕ್ಕೆ ಉತ್ತರವಾಗಿ ಒಂದು ನಿಶ್ಚಿತ ಅಳತೆಯನ್ನು ಕೊಟ್ಟಿತು: ಅಂಗಡಿಯ ಕಪಾಟುಗಳ ನೂರಕ್ಕೆ ಹದಿನೈದು ಪಾಲು ಕಪ್ಪು ಉದ್ಯಮಿಗಳ ಸರಕಿಗೆ ಸಲ್ಲಬೇಕು. ಅವಧಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ವಾಲ್‌ಮಾರ್ಟ್ ೨೦೨೦ರಲ್ಲಿ ಐದು ವರ್ಷಕ್ಕೆ ೧೦ ಕೋಟಿ ಡಾಲರು ತೊಡಗಿಸುವುದಾಗಿ ಹೇಳಿ ಜನಾಂಗ ಸಮಾನತೆಯ ಕೇಂದ್ರವೊಂದನ್ನು ಸ್ಥಾಪಿಸಿತು. ಅವಧಿ ಮುಗಿದ ಮೇಲೆ ಅದನ್ನು ಮುಂದುವರಿಸುವುದಿಲ್ಲವೆಂದು ೨೦೨೪ರ ನವೆಂಬರಿನಲ್ಲಿ ತಿಳಿದುಬಂದಿತು. ಇಲ್ಲಿ ಮಾತು ಮುರಿಯಿತೆನ್ನಲಾಗದು. ಆದರೆ ವಿಶೇಷ ನಿಧಿ ಮುಗಿದ ಮೇಲೆ ನಿತ್ಯದ ನೇಮಕ, ಖರೀದಿ, ಬಡ್ತಿಗಳಲ್ಲಿ ಏನು ಉಳಿಯಿತೆಂಬ ಪ್ರಶ್ನೆ ಉಳಿಯುತ್ತದೆ.

ನಾಲ್ಕನೆಯದು: ತಪಾಸಣೆ ಯಾರದು? ೨೦೦೦ದಲ್ಲಿ ಕೋಕ-ಕೋಲ ಕಂಪನಿ ತನ್ನ ಕಪ್ಪು ನೌಕರರು ಹೂಡಿದ ದಾವೆಯನ್ನು ೧೯.೨೫ ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಾಗ, ಹೊರಗಿನ ಏಳು ಮಂದಿಯ ಸಮಿತಿಯೊಂದು ಕಂಪನಿಯ ವೇತನ, ಬಡ್ತಿಗಳನ್ನು ಪರಿಶೀಲಿಸಿ ವರ್ಷಕ್ಕೊಮ್ಮೆ ವರದಿ ಕೊಡಬೇಕೆಂಬುದೂ ರಾಜಿಯ ಭಾಗವಾಯಿತು. ಇದರ ಹಿಂದೆ ನ್ಯಾಯಾಲಯದ ಬಲವಿತ್ತು. ೨೦೨೦ರ ಸುಮಾರಿಗೆ ರೂಢಿಗೆ ಬಂದ ‘ನಾಗರಿಕ ಹಕ್ಕುಗಳ ತಪಾಸಣೆ’ಗಳನ್ನು ಕಂಪನಿಗಳೇ ಹಣ ಕೊಟ್ಟು ಮಾಡಿಸುತ್ತವೆ. ಹಣ ಕೊಟ್ಟವರದೇ ಮಾತೆಂದು ಅವನ್ನು ತಳ್ಳಿಹಾಕಲಾಗದು. ಫೇಸ್‌ಬುಕ್ ಮಾಡಿಸಿದ ತಪಾಸಣೆಯ ೨೦೨೦ರ ವರದಿ ಆ ಕಂಪನಿಯ ನಿರ್ಣಯಗಳನ್ನೇ ಕಟುವಾಗಿ ಟೀಕಿಸಿತು. ವರದಿ ಪೂರ್ಣವಾಗಿ ಪ್ರಕಟವಾಯಿತೇ, ಮುಂದಿನ ವರ್ಷ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಲಾಯಿತೇ ಎಂಬುದು ನೋಡಬೇಕಾದ ಅಂಶ.

ಐದನೆಯದು: ವಾಗ್ದಾನ ಕಂಪನಿಯ ಮುಖ್ಯ ವ್ಯಾಪಾರವನ್ನು ಮುಟ್ಟುತ್ತದೆಯೇ? ದಕ್ಷಿಣ ಆಫ್ರಿಕದ ಪಾಠ ಇದೇ. ಬ್ಯಾಂಕಿನ ಪರೀಕ್ಷೆ ಅದರ ಸಾಲದಲ್ಲಿ, ವಿದ್ಯಾರ್ಥಿವೇತನದಲ್ಲಿ ಅಲ್ಲ. ಸಾಲ ನೀಡಿಕೆಯಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ಜನರಿಗೆ ಭೇದ ಮಾಡಿತೆಂಬ ಆರೋಪವನ್ನು ವೆಲ್ಸ್ ಫಾರ್ಗೊ ಬ್ಯಾಂಕು ೨೦೧೨ರಲ್ಲಿ ೧೭.೫ ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಆರೋಪಿತ ನಡವಳಿಕೆ ನಡೆದುದು ನಿತ್ಯದ ವ್ಯವಹಾರದ ಮೇಜಿನ ಮೇಲೆ. ತಂಗುಮನೆಗಳನ್ನು ಗೊತ್ತುಮಾಡಿಕೊಡುವ ಏರ್‌ಬಿಎನ್‌ಬಿ ವ್ಯವಸ್ಥೆಯಲ್ಲಿ, ಕಪ್ಪು ಜನರದೆಂದು ತಿಳಿಯುವ ಹೆಸರಿನ ಅತಿಥಿಗಳ ಕೋರಿಕೆ ಒಪ್ಪಿತವಾಗುವ ಸಂಭವ ನೂರಕ್ಕೆ ಹದಿನಾರರಷ್ಟು ಕಡಿಮೆಯೆಂದು ಹಾರ್ವರ್ಡಿನ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದರು. ಅಂಥ ಕಂಪನಿಯ ಸಮಾನತೆಯನ್ನು ಅಳೆಯಬೇಕಾದುದು ಅತಿಥಿಗೆ ಬಾಗಿಲು ತೆರೆಯುವುದರಲ್ಲಿ. ವಿಕ್ಟರ್ ಗ್ರೀನ್ ಅವರ ಹಳೆಯ ಪ್ರಶ್ನೆ ಎಂಬತ್ತು ವರ್ಷಗಳ ಮೇಲೆ ಹೊಸ ವೇಷದಲ್ಲಿ ಬಂದಿದೆಯಷ್ಟೆ.

೫. ಹಿಂದೆಗೆತದ ವರ್ಷಗಳು

೨೦೨೩ರ ಜೂನ್ ೨೯ರಂದು ಸುಪ್ರೀಂ ಕೋರ್ಟು ವಿಶ್ವವಿದ್ಯಾನಿಲಯಗಳ ಪ್ರವೇಶದಲ್ಲಿ ಜನಾಂಗವನ್ನು ಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಕಪ್ಪು ಮಹಿಳಾ ಉದ್ಯಮಿಗಳಿಗೆ ಮಾತ್ರ ಧನಸಹಾಯ ನೀಡುತ್ತಿದ್ದ ‘ಫಿಯರ್‌ಲೆಸ್ ಫಂಡ್’ ಎಂಬ ಸಂಸ್ಥೆ, ೧೮೬೬ರ ನಾಗರಿಕ ಹಕ್ಕುಗಳ ಕಾಯಿದೆಯನ್ನೇ ಆಧಾರಮಾಡಿ ಹೂಡಿದ ದಾವೆಯ ಫಲವಾಗಿ, ೨೦೨೪ರಲ್ಲಿ ಆ ಯೋಜನೆಯನ್ನು ಮುಚ್ಚಬೇಕಾಯಿತು. ಸರ್ಕಾರದ ಗುತ್ತಿಗೆದಾರರು ಸಮಾನ ಅವಕಾಶಕ್ಕಾಗಿ ವಿಶೇಷ ಪ್ರಯತ್ನ ಮಾಡಬೇಕೆಂದು ಅಧ್ಯಕ್ಷ ಜಾನ್ಸನ್ ೧೯೬೫ರಲ್ಲಿ ಹೊರಡಿಸಿದ್ದ ಆಜ್ಞೆಯನ್ನು ೨೦೨೫ರ ಜನವರಿ ೨೧ರಂದು ಅಧ್ಯಕ್ಷ ಟ್ರಂಪ್ ರದ್ದುಗೊಳಿಸಿದರು. ಆದುದರಿಂದ ಇನ್ನು ಮುಂದೆ ಪರೀಕ್ಷಿಸುವವರು ಒಂದು ವಿವೇಚನೆಯನ್ನು ಮಾಡಬೇಕಾಗಿದೆ: ಕಂಪನಿ ಬಿಟ್ಟುದು ಕಾನೂನು ಬಿಡಿಸಿದುದನ್ನೇ, ಅಥವಾ ಕಾನೂನು ಕೇಳದೆ ಇದ್ದುದನ್ನೇ? ಜನಾಂಗಕ್ಕೆಂದೇ ಮೀಸಲಾದ ನಿಧಿಯನ್ನು ನಿಲ್ಲಿಸುವುದು ಒಂದು; ಹುದ್ದೆವಾರು ಅಂಕಿಗಳ ಪ್ರಕಟಣೆಯನ್ನು ನಿಲ್ಲಿಸುವುದು ಇನ್ನೊಂದು. ಮೊದಲನೆಯದಕ್ಕೆ ನ್ಯಾಯಾಲಯದ ಭಯ ಕಾರಣವಿರಬಹುದು. ಎರಡನೆಯದನ್ನು ಯಾವ ತೀರ್ಪೂ ಕೇಳಿಲ್ಲ.

ಟಾರ್ಗೆಟ್ ಎಂಬ ಅಂಗಡಿ ಸಂಸ್ಥೆಯ ಉದಾಹರಣೆ ಇಲ್ಲಿ ಬೋಧಪ್ರದವಾದುದು. ಬೆಂಗಳೂರಿನಲ್ಲಿಯೂ ದೊಡ್ಡ ಕಚೇರಿಯುಳ್ಳ ಈ ಸಂಸ್ಥೆಯ ಕೇಂದ್ರ ಮಿನಿಯಾಪೊಲಿಸ್, ಎಂದರೆ ಫ್ಲಾಯ್ಡ್ ಕೊಲೆಯಾದ ನಗರವೇ. ೨೦೨೫ರ ಕೊನೆಯೊಳಗೆ ಕಪ್ಪು ಉದ್ಯಮಿಗಳೊಡನೆ ೨೦೦ ಕೋಟಿ ಡಾಲರಿಗೂ ಹೆಚ್ಚಿನ ವ್ಯವಹಾರ ಮಾಡುವುದಾಗಿ ಅದು ೨೦೨೧ರಲ್ಲಿ ಹೇಳಿತ್ತು. ೨೦೨೫ರ ಜನವರಿ ೨೪ರಂದು ತನ್ನ ಸಮಾನತೆಯ ಗುರಿಗಳನ್ನು ಮುಕ್ತಾಯಗೊಳಿಸುವುದಾಗಿ ಪ್ರಕಟಿಸಿತು. ಮಾರ್ಚಿನಲ್ಲಿ, ಕ್ರೈಸ್ತರ ಉಪವಾಸಕಾಲದ ನಲವತ್ತು ದಿನ ಅಲ್ಲಿ ಕೊಳ್ಳದಿರುವಂತೆ ಪಾದ್ರಿ ಜಮಾಲ್ ಬ್ರಯಂಟ್ ಕರೆಯಿತ್ತರು. ೨೦೦ ಕೋಟಿಯ ಮಾತನ್ನು ಪೂರೈಸಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದು. ಹಣಕಾಸು ವರ್ಷದ ಮೊದಲ ಮೂರು ತಿಂಗಳ ಅವಧಿಯಲ್ಲಿ ಹೋಲಿಕೆಯ ಮಾರಾಟ ನೂರಕ್ಕೆ ೩.೮ರಷ್ಟು ಇಳಿದುದಾಗಿ ಸಂಸ್ಥೆ ವರದಿ ಮಾಡಿತು. ಜನವರಿಯ ಪ್ರಕಟಣೆಗೆ ಬಂದ ಪ್ರತಿಕ್ರಿಯೆಯನ್ನೂ, ಗ್ರಾಹಕರ ಕುಗ್ಗಿದ ವಿಶ್ವಾಸ, ಸುಂಕಗಳ ಅನಿಶ್ಚಿತತೆಗಳನ್ನೂ ಕಾರಣವಾಗಿ ಹೇಳಿತು. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಅದೇ ಜನವರಿಯಲ್ಲಿ ಕಾಸ್ಟ್‌ಕೊ ಸಂಸ್ಥೆಯ ಷೇರುದಾರರು ಇಂಥ ಕಾರ್ಯಕ್ರಮಗಳ ವಿರುದ್ಧ ಬಂದ ಸೂಚನೆಯೊಂದನ್ನು ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮತಗಳಿಂದ ತಿರಸ್ಕರಿಸಿದರು. ೧೯೦೯ರಲ್ಲಿ ಸ್ಥಾಪಿತವಾದ ಹಳೆಯ ಹಕ್ಕುಸಂಘವಾದ ಎನ್. ಎ. ಎ. ಸಿ. ಪಿ. ೨೦೨೫ರ ಫೆಬ್ರವರಿಯಲ್ಲಿ, ಮಾತಿಗೆ ನಿಂತ ಮತ್ತು ಮಾತಿನಿಂದ ಸರಿದ ಕಂಪನಿಗಳನ್ನು ಹೆಸರಿಸಿ ಕಪ್ಪು ಗ್ರಾಹಕರಿಗೆ ಸಲಹಾಪತ್ರವೊಂದನ್ನು ಪ್ರಕಟಿಸಿತು.

೬. ಮಿತಿಗಳು ಮತ್ತು ಸಮಾರೋಪ

ಈ ಪರೀಕ್ಷೆಯ ಮಿತಿಗಳನ್ನೂ ಹೇಳಬೇಕು. ಊರಿಗೊಂದೇ ದೊಡ್ಡ ಅಂಗಡಿ, ಮನೆಗೆ ವಾಹನವಿಲ್ಲ, ಎಂಬ ಬಡ ಕುಟುಂಬಕ್ಕೆ ಆಯ್ದು ಕೊಳ್ಳುವ ಸ್ವಾತಂತ್ರ್ಯ ಹೆಸರಿಗೆ ಮಾತ್ರ. ಇನ್ನು, ಟಾರ್ಗೆಟ್ ಅಂಗಡಿಯ ಕಪಾಟಿಗೆ ಕಷ್ಟಪಟ್ಟು ಸರಕನ್ನು ತಲಪಿಸಿದ ಕಪ್ಪು ಉದ್ಯಮಿಗಳಿಗೆ, ತಮ್ಮವರೇ ಅಲ್ಲಿಗೆ ಬಾರದೆ ಹೋದರೆ ಮೊದಲ ಪೆಟ್ಟು ತಮಗೇ ಬೀಳುವುದೆಂಬ ಆತಂಕವಿತ್ತು, ಅದು ನಿರಾಧಾರವಾದುದಲ್ಲ. ಫಿಲಡೆಲ್ಫಿಯದ ಪಾದ್ರಿಗಳೂ ಇನ್ನೊಂದು ಮಿತಿಯನ್ನು ಕಂಡರು. ಹುದ್ದೆಗಳು ತೆರೆದಾಗ ಅವಕ್ಕೆ ಬೇಕಾದ ತರಬೇತಿ ಪಡೆದವರು ಸಾಕಷ್ಟಿಲ್ಲವೆಂದು ತಿಳಿದು ಸಲಿವನ್ ಅವರು ೧೯೬೪ರಲ್ಲಿ ತರಬೇತಿ ಕೇಂದ್ರವನ್ನೇ ಸ್ಥಾಪಿಸಬೇಕಾಯಿತು. ವಾಗ್ದಾನವನ್ನು ಪರೀಕ್ಷಿಸುವವರು ಅದರ ಫಲವನ್ನು ಹಿಡಿದುಕೊಳ್ಳುವ ಪಾತ್ರೆಯನ್ನೂ ಸಿದ್ಧಪಡಿಸಬೇಕಾಗುತ್ತದೆ.

ಇವೆಲ್ಲವುಗಳಿಂದ ಹೊರಡುವ ಅಭಿಪ್ರಾಯವೊಂದುಂಟು. ಕಪ್ಪು ಗ್ರಾಹಕರ ಬಲ ಅವರು ಖರ್ಚು ಮಾಡುವ ಹಣದ ಮೊತ್ತದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ, ಕೂಡಿ ಕೇಳಿದ ನಿಶ್ಚಿತವಾದ ಪ್ರಶ್ನೆಯಲ್ಲಿ ಇತ್ತು. ಒಬ್ಬೊಬ್ಬ ಗ್ರಾಹಕನೂ ಬ್ಯಾಂಕಿನ ಸಾಲಪಟ್ಟಿಯನ್ನು ಓದಲಾರ. ಓದುವ ಸಂಘ, ಸಭೆ, ಪತ್ರಿಕೆ, ವಿಶ್ವವಿದ್ಯಾನಿಲಯಗಳು ಬೇಕು. ಓದಲು ಪಟ್ಟಿಯೂ ಬೇಕು. ಮಾತಿನಿಂದ ಸರಿದ ಕಂಪನಿಯನ್ನು ಜನ ಗುರುತಿಸಬಲ್ಲರು. ಅಂಕಿಗಳನ್ನೇ ಮುಚ್ಚಿಟ್ಟ ಕಂಪನಿಯ ವಿಷಯದಲ್ಲಿ ಒಳ್ಳೆಯದನ್ನಾಗಲಿ ಕೆಟ್ಟದನ್ನಾಗಲಿ ಹೇಳಲು ಆಧಾರವೇ ಇಲ್ಲದಂತಾಗುತ್ತದೆ. ಆದುದರಿಂದ ಇಂದಿನ ಹಿಂದೆಗೆತದಲ್ಲಿ ಹ್ರಾಸವಾಗುತ್ತಿರುವ ನಿಧಿಗಳಿಗಿಂತಲೂ ಹ್ರಾಸವಾಗಬಹುದಾದ ಪ್ರಕಟಣೆಯ ಪದ್ಧತಿಯೇ ಹೆಚ್ಚಿನ ನಷ್ಟವೆಂದು ನಾವು ಭಾವಿಸುತ್ತೇವೆ. ವಾಣಿಜ್ಯ ಮತ್ತು ಸಮಾಜಶಾಸ್ತ್ರದ ತರಗತಿಗಳಲ್ಲಿ ಅಧ್ಯಾಪಕರು ಯಾವುದಾದರೂ ಒಂದು ಕಂಪನಿಯ ವಾರ್ಷಿಕ ವರದಿಯನ್ನು ಮುಂದಿಟ್ಟು ಮೇಲಿನ ಐದು ಪ್ರಶ್ನೆಗಳಿಗೆ ವಿದ್ಯಾರ್ಥಿಗಳಿಂದ ಉತ್ತರ ಬರೆಯಿಸಿದರೆ, ಉತ್ತರ ಸಿಕ್ಕದ ಪ್ರಶ್ನೆಗಳು ಎಷ್ಟೆಂಬುದೂ ಒಂದು ಅಳತೆಯೆಂದು ಅವರಿಗೆ ಮನವರಿಕೆಯಾಗುವುದು.